ಧರ್ಮ, ಬಡತನ, ಹದಿಹರೆಯದ ಬಸಿರು: ಅಂಕಿ ಮುಂದಿಟ್ಟು ವಾದಕ್ಕಿಳಿಯುವ ಮುನ್ನ

ವಾಟ್ಸಾಪ್‌ನಲ್ಲಿ ಒಂದು ಸಾಲು ಬರುತ್ತದೆ: "ಹದಿಹರೆಯದಲ್ಲೇ ಬಸಿರು, ಮುಸ್ಲಿಮರಲ್ಲಿ ಶೇ. 8.4, ಹಿಂದೂಗಳಲ್ಲಿ ಶೇ. 6.5. ಸರ್ಕಾರದ್ದೇ ಲೆಕ್ಕ." ಅಂಕಿ ಸುಳ್ಳಲ್ಲ, 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. ಓದಿದ ಕೂಡಲೇ "ಇದೆಲ್ಲ ಕಟ್ಟುಕತೆ" ಎಂದವರು ಅಲ್ಲೇ ಸೋತರು. "ಅದೆಲ್ಲ ಬಡತನದಿಂದ ಅಷ್ಟೇ" ಎಂದು ಲೆಕ್ಕವಿಲ್ಲದೆ ಹೇಳಿದವರೂ ಗೆದ್ದಂತಲ್ಲ. ಅಂಕಿಯನ್ನು ಒಪ್ಪಿಕೊಂಡೇ ಬಿಡಿಸಬೇಕು.

ಮೊದಲ ಪ್ರಶ್ನೆ, ಎಣಿಸಿದ್ದು ಏನನ್ನು? ಈ ಸಮೀಕ್ಷೆಯ ಅಂಕಿಯ ಛೇದದಲ್ಲಿರುವುದು 15ರಿಂದ 19 ವರ್ಷದ ಎಲ್ಲ ಹೆಣ್ಣುಮಕ್ಕಳು, ಮದುವೆಯಾದವರು ಆಗದವರು ಇಬ್ಬರೂ. ಅಂಶದಲ್ಲಿರುವುದು ಸಮೀಕ್ಷೆಯ ಹೊತ್ತಿಗೆ ಆಗಲೇ ತಾಯಿಯಾದವರು ಅಥವಾ ಬಸುರಿಯಾಗಿದ್ದವರು. ಇಡೀ ದೇಶಕ್ಕೆ ಇದು ಶೇ. 6.8. ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ: ಈ ವಯಸ್ಸಿನ ಸಾವಿರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 43 ಹೆರಿಗೆ. ಸಾವಿರಕ್ಕೆ 43 ಎಂದರೆ ನೂರಕ್ಕೆ 4.3 ಎಂದು ಇಳಿಸಿ, "ನೋಡಿ, 6.8 ಸುಳ್ಳು" ಎನ್ನುವವರಿದ್ದಾರೆ. 6.8 ಎಂಬುದು ಇಷ್ಟು ವರ್ಷಗಳಲ್ಲಿ ಕೂಡಿಬಂದ ಲೆಕ್ಕ, 43 ಎಂಬುದು ವರ್ಷಕ್ಕಿಷ್ಟು ಎಂಬ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. 18 ಮತ್ತು 19ರವರೂ ಇದರಲ್ಲಿ ಸೇರಿದ್ದಾರೆ, ಅವರ ಮದುವೆಗೆ ಕಾನೂನಿನ ಅಡ್ಡಿಯಿಲ್ಲ. ಹಾಗಾಗಿ ಈ ಅಂಕಿಗೆ "ಬಾಲ್ಯವಿವಾಹದ ಪ್ರಮಾಣ" ಎಂದು ಹೆಸರಿಟ್ಟರೆ ತಪ್ಪು.

ಬಸುರಿಯರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡ್‌ನ ನೋಂದಣಿಯಿಂದ ತೆಗೆದ ಸಂಖ್ಯೆಗಳನ್ನು ಇನ್ನೂ ಜೋಪಾನವಾಗಿ ಹಿಡಿಯಬೇಕು. ಅಲ್ಲಿ ಅಂಶ ಮಾತ್ರ ಇರುತ್ತದೆ, ಛೇದ ಇರುವುದಿಲ್ಲ. ಆಶಾ ಕಾರ್ಯಕರ್ತೆಯರು ಚುರುಕಾಗಿರುವ ತಾಲ್ಲೂಕಿನಲ್ಲಿ ನೋಂದಣಿ ಹೆಚ್ಚುತ್ತದೆ, ಬಸಿರು ಹೆಚ್ಚಿರಬೇಕೆಂದಿಲ್ಲ. ಅದೂ ಅಲ್ಲದೆ, 18 ತುಂಬದವಳು ಬಸುರಿಯೆಂದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ವಯಸ್ಸನ್ನು ಏರಿಸಿ ಬರೆಸಲು ಮನೆಯವರಿಗೆ ಅಷ್ಟು ಕಾರಣ ಸಾಕು.

ಎರಡನೆಯದು, ವ್ಯತ್ಯಾಸ ಹೇಳುವ ರೀತಿ. 6.5ರಿಂದ 8.4ಕ್ಕೆ ಅಂತರ 1.9 ಅಂಕ. ಅದನ್ನೇ "ಶೇ. 29ರಷ್ಟು ಹೆಚ್ಚು" ಎಂದೂ ಹೇಳಬಹುದು. ಎರಡೂ ಲೆಕ್ಕಕ್ಕೆ ಸರಿ, ಕಿವಿಗೆ ಬೇರೆ ಬೇರೆ. ಎದುರಿನವರು ಒಂದು ಹೇಳಿದರೆ ನೀವು ಇನ್ನೊಂದನ್ನೂ ಪಕ್ಕದಲ್ಲಿಡಿ. ಈ ಎರಡು ಸಮುದಾಯಗಳಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹುಡುಗಿಯರು ಈ ಲೆಕ್ಕಕ್ಕೆ ಬರುವುದೇ ಇಲ್ಲ ಎಂಬುದು ಆಗ ಕಾಣುತ್ತದೆ.

ಇನ್ನು ಮುಖ್ಯ ಕೆಲಸ: ಒಂದೇ ಮಟ್ಟದ ಮನೆಗಳನ್ನು ಹೋಲಿಸುವುದು. ಕಾಗದ ತೆಗೆದುಕೊಂಡು ಈ ಲೆಕ್ಕ ಮಾಡಿ ತೋರಿಸಿ. ಇವು ಉದಾಹರಣೆಗೆ ಹಿಡಿದ ಅಂಕಿಗಳು. ಎರಡು ಸಮುದಾಯ, ತಲಾ 1,000 ಹುಡುಗಿಯರು. ಯಾವ ಸಮುದಾಯವಾದರೂ ಬಡವರ ಮನೆಯಲ್ಲಿ ಶೇ. 10, ಉಳಿದವರಲ್ಲಿ ಶೇ. 3 ಎಂದಿಟ್ಟುಕೊಳ್ಳಿ. ಮೊದಲ ಸಮುದಾಯದಲ್ಲಿ ಬಡವರು 300, ಉಳಿದವರು 700: 30 ಕೂಡಿಸು 21, ಒಟ್ಟು 51, ಅಂದರೆ ಶೇ. 5.1. ಎರಡನೆಯದರಲ್ಲಿ ಬಡವರು 600, ಉಳಿದವರು 400: 60 ಕೂಡಿಸು 12, ಒಟ್ಟು 72, ಅಂದರೆ ಶೇ. 7.2. ಮಟ್ಟದಿಂದ ಮಟ್ಟಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲ, ಆದರೂ ಒಟ್ಟಿನಲ್ಲಿ 2.1 ಅಂಕದ ಅಂತರ.

ನಿಜದ ಸಮೀಕ್ಷೆಯಲ್ಲೂ ಇಂಥ ಇಳಿಜಾರು ಕಡಿದಾಗಿಯೇ ಇದೆ, ಓದಿನ ಅಂಕಿಯಲ್ಲಿ ನೋಡಿ. ಶಾಲೆಯ ಮೆಟ್ಟಿಲೇ ಹತ್ತದವರಲ್ಲಿ ಸುಮಾರು ಶೇ. 18, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ ಶೇ. 4. ಹಾಗೆಂದು 1.9 ಅಂಕವೂ ಪೂರ್ತಿ ಬಡತನದ್ದೇ ಎಂದು ಈ ಕಾಗದದ ಲೆಕ್ಕ ಸಾಬೀತು ಮಾಡುವುದಿಲ್ಲ. ಹಾಗಾಗಬಹುದು ಎಂದಷ್ಟೇ ತೋರಿಸುತ್ತದೆ. ಜೊತೆಗೆ, ಮನೆ ಬಡತನದ್ದೋ ಅನುಕೂಲದ್ದೋ ಎಂದು ಅಳೆಯಲು ಸಮೀಕ್ಷೆ ಬಳಸುವ "ಸಂಪತ್ತಿನ ಸೂಚ್ಯಂಕ" ಆದಾಯದ ಲೆಕ್ಕವಲ್ಲ. ಟಿವಿ, ಫ್ರಿಜ್, ಬೈಕು, ಶೌಚಾಲಯ, ಮನೆಯ ನೆಲ ಇವನ್ನೆಲ್ಲ ನೋಡಿ ಕಟ್ಟಿದ್ದು.

ಓದಿನ ಅಂಕಿಯಲ್ಲಿ ಇನ್ನೊಂದು ತೊಡಕಿದೆ. ಶಾಲೆ ಬಿಟ್ಟದ್ದಕ್ಕೆ ಮದುವೆಯಾಯಿತೋ, ಮದುವೆಗೆಂದು ಶಾಲೆ ಬಿಡಿಸಿದರೋ? ಒಂದೇ ದಿನ ಬಂದು ಕೇಳಿ ಹೋಗುವ ಸಮೀಕ್ಷೆಗೆ ಅದನ್ನು ಬಿಡಿಸುವುದು ಕಷ್ಟ.

ರಾಜ್ಯಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅದೇ ಸಮೀಕ್ಷೆಯಲ್ಲಿ ತ್ರಿಪುರ ಶೇ. 21.9, ಪಶ್ಚಿಮ ಬಂಗಾಳ 16.4, ಆಂಧ್ರ 12.6, ಕರ್ನಾಟಕ 5.4, ಕೇರಳ 2.4, ಜಮ್ಮು ಮತ್ತು ಕಾಶ್ಮೀರ 1.0. ಹಿಂದೂಗಳೇ ಬಹುಸಂಖ್ಯಾತರಾದ ತ್ರಿಪುರ ಮೇಲಿದೆ, ಮುಸ್ಲಿಮರೇ ಬಹುಸಂಖ್ಯಾತರಾದ ಕಾಶ್ಮೀರ ಕೆಳಗಿದೆ. ಧರ್ಮವೊಂದರಿಂದಲೇ ಎಲ್ಲವನ್ನೂ ವಿವರಿಸುವ ಮಾತಿಗೆ ಇಲ್ಲಿ ತಡೆ ಬೀಳುತ್ತದೆ. ಆದರೆ ಇದರಿಂದ ಉಲ್ಟಾ ತೀರ್ಮಾನಕ್ಕೂ ಹಾರಬೇಡಿ. ರಾಜ್ಯದ ಸರಾಸರಿಯಿಂದ ಮನೆಯೊಳಗಿನ ಹುಡುಗಿಯ ಬಗ್ಗೆ ಹೇಳುವುದು ಹಳೆಯ ಎಡವಟ್ಟು.

ಈ ಎಡವಟ್ಟಿಗೆ ದಾರಿ ಮಾಡುವ ಅಂಕಿ ಅಮೆರಿಕದಲ್ಲೂ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ರಾಜ್ಯವಾರು ಧಾರ್ಮಿಕತೆಗೂ ಹದಿಹರೆಯದ ಹೆರಿಗೆಗೂ 0.73ರ ಸಹಸಂಬಂಧ ಕಂಡಿತು (1 ಎಂದರೆ ಎರಡೂ ಪೂರ್ತಿ ಒಟ್ಟಿಗೇ ಏರಿಳಿಯುತ್ತವೆ, 0 ಎಂದರೆ ಅಂಥ ನಂಟೇ ಇಲ್ಲ). ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ 0.53 ಉಳಿಯಿತು. ಆದರೆ ಅಲ್ಲಿ ಎಣಿಸಿದ್ದು ರಾಜ್ಯಗಳನ್ನು, ಹುಡುಗಿಯರನ್ನಲ್ಲ. ದೇವರನ್ನು ಹೆಚ್ಚು ನಂಬುವ ಹುಡುಗಿಯೇ ಬೇಗ ಹೆರುತ್ತಾಳೆ ಎಂದು ಅದರಿಂದ ಹೇಳಲು ಬರುವುದಿಲ್ಲ. ಆ ಅಧ್ಯಯನವನ್ನು ಇಲ್ಲಿಗೆ ತಂದು ಎಳೆದಾಡುವವರಿಗೆ ಇನ್ನೊಂದು ಮಾತು: ಅಲ್ಲಿ ಅಳೆದದ್ದು ನಂಬಿಕೆಯ ತೀವ್ರತೆ, ನಮ್ಮ ಸಮೀಕ್ಷೆ ಕೇಳುವುದು ಯಾವ ಧರ್ಮ ಎಂದಷ್ಟೇ.

ಚಿಕ್ಕ ಗುಂಪುಗಳ ಅಂಕಿ ಎತ್ತಿಕೊಳ್ಳುವಾಗ ಕಂಸವಿದೆಯೇ ನೋಡಿ. ಈ ಸಮೀಕ್ಷೆಯ ಕೋಷ್ಟಕದಲ್ಲಿ ಕಂಸದೊಳಗಿನ ಅಂಕಿ ಬರೀ 25ರಿಂದ 49 ಮಂದಿಯನ್ನು ಆಧರಿಸಿದ್ದು. 25ಕ್ಕೂ ಕಡಿಮೆಯಿದ್ದರೆ ಅಂಕಿ ತೆಗೆದು ನಕ್ಷತ್ರ ಹಾಕಿರುತ್ತಾರೆ. ಫಾರ್ವರ್ಡ್ ಆಗುವ ಚಿತ್ರಗಳಲ್ಲಿ ಮೊದಲು ಮಾಯವಾಗುವುದು ಈ ಕಂಸವೇ.

ಸಮೀಕ್ಷೆಯ ಬಿಡಿ ದತ್ತಾಂಶ, ಅಂದರೆ ಒಬ್ಬೊಬ್ಬರ ಉತ್ತರವಿರುವ ಕಡತ, ಕೈಗೆ ಸಿಕ್ಕರೆ ನೀವೇ ಲೆಕ್ಕ ಹಾಕಬಹುದು. ಮಹಿಳೆಯರ ಕಡತದಲ್ಲಿ ವಿ013 ಎಂಬುದು ವಯಸ್ಸಿನ ಗುಂಪು, ವಿ130 ಧರ್ಮ, ವಿ190 ಸಂಪತ್ತಿನ ಮಟ್ಟ, ವಿ106 ಓದು, ವಿ024 ರಾಜ್ಯ. ವಿ013ರಲ್ಲಿ 1 ಇರುವವರನ್ನಷ್ಟೇ, ಅಂದರೆ 15ರಿಂದ 19ರವರನ್ನು, ಉಳಿಸಿಕೊಳ್ಳಿ. ವಿ201 (ಹೆತ್ತ ಮಕ್ಕಳ ಸಂಖ್ಯೆ) ಸೊನ್ನೆಗಿಂತ ಹೆಚ್ಚಿದ್ದರೆ ಅಥವಾ ವಿ213ರಲ್ಲಿ (ಈಗ ಬಸುರಿಯೇ) 1 ಇದ್ದರೆ ಅಂಶಕ್ಕೆ ಸೇರಿಸಿ. ಒಂದೇ ರಾಜ್ಯದ, ಒಂದೇ ಸಂಪತ್ತಿನ ಮಟ್ಟದ ಒಳಗೆ ಧರ್ಮವಾರು ಹೋಲಿಸಿ, ಪ್ರತಿ ಗುಂಪಿನಲ್ಲೂ ಎಷ್ಟು ಮಂದಿ ಇದ್ದಾರೆಂದು ಪಕ್ಕದಲ್ಲಿ ಬರೆಯಿರಿ. ವಿ005 ಎಂಬ ತೂಕವನ್ನು ಹತ್ತು ಲಕ್ಷದಿಂದ ಭಾಗಿಸಿ ಹಾಕುವುದನ್ನು ಮಾತ್ರ ಮರೆಯಬೇಡಿ. ಚಿಕ್ಕ ರಾಜ್ಯಗಳಿಂದ ಅವುಗಳ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು ಮನೆಗಳನ್ನು ಆರಿಸಿರುತ್ತಾರೆ. ತೂಕ ಬಿಟ್ಟರೆ ಈಶಾನ್ಯದ ಪುಟ್ಟ ರಾಜ್ಯಗಳು ಇಡೀ ದೇಶದ ಸರಾಸರಿಯನ್ನು ತಮ್ಮತ್ತ ಎಳೆದುಬಿಡುತ್ತವೆ.