ಕೇಳಿದ ಸೆಕೆಂಡರಿ ಶಾಲೆ ಸಿಗಲಿಲ್ಲವೇ? ವಿಶೇಷ ಅಗತ್ಯದ ಮಗುವಿಗಾಗಿ ಇಂಗ್ಲೆಂಡ್‌ನಲ್ಲಿ ಮೇಲ್ಮನವಿ ಸಲ್ಲಿಸುವುದು ಹೀಗೆ

ಇಂಗ್ಲೆಂಡ್‌ನಲ್ಲಿ ಪ್ರೈಮರಿ ಮುಗಿಸುವ ಮಕ್ಕಳ ಮನೆಗೆ ಮಾರ್ಚ್ 1ರಂದು ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತದಿಂದ) ಪತ್ರವೋ ಇಮೇಲೋ ಬರುತ್ತದೆ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಸೆಪ್ಟೆಂಬರ್‌ನಿಂದ ಮಗು ಯಾವ ಸೆಕೆಂಡರಿ ಶಾಲೆಗೆ ಹೋಗಬೇಕು ಎಂಬುದು ಅದರಲ್ಲಿರುತ್ತದೆ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಅಥವಾ ಕಿವಿ ಕೇಳಿಸದ ತೊಂದರೆ ಇರುವ ಮಗುವಿನ ತಂದೆತಾಯಿ ತಿಂಗಳುಗಟ್ಟಲೆ ಓಡಾಡಿ, ಹತ್ತು ಕಡೆ ವಿಚಾರಿಸಿ ಆರಿಸಿದ ಶಾಲೆಯ ಬದಲು ಬೇರೆಯದರ ಹೆಸರು ಕಂಡರೆ ಕೈಕಾಲು ಆಡುವುದಿಲ್ಲ. ಆದರೆ ಸೀಟು ಇಲ್ಲ ಎಂದ ಪ್ರತಿ ಸರ್ಕಾರಿ ಅನುದಾನದ ಶಾಲೆಯ ವಿರುದ್ಧವೂ ಮೇಲ್ಮನವಿ ಸಲ್ಲಿಸುವ ಹಕ್ಕು ಪೋಷಕರಿಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮಗಳೇ ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡ್‌ಗೆ ಮಾತ್ರ.

ಇಎಚ್‌ಸಿ ಪ್ಲಾನ್ ಇದೆಯೇ, ಇಲ್ಲವೇ?

ಎಲ್ಲಕ್ಕಿಂತ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಆರೈಕೆಯ ಅಗತ್ಯಗಳನ್ನು ಕೌನ್ಸಿಲ್ ಕಾನೂನುಬದ್ಧವಾಗಿ ಬರೆದುಕೊಡುವ ದಾಖಲೆಯೇ ಇಎಚ್‌ಸಿ ಪ್ಲಾನ್. ಅದು ಇದ್ದರೆ ಮಾಮೂಲಿ ಪ್ರವೇಶ ಮೇಲ್ಮನವಿ ನಿಮಗಲ್ಲ. ಸೆಕೆಂಡರಿಗೆ ಹೋಗುವ ವರ್ಷ ಫೆಬ್ರುವರಿ 15ರೊಳಗೆ ಕೌನ್ಸಿಲ್ ಪ್ಲಾನನ್ನು ತಿದ್ದಿ, ಅದರ ‘ಐ’ ಭಾಗದಲ್ಲಿ ಶಾಲೆಯ ಹೆಸರು ಬರೆಯಬೇಕು. ಆ ಹೆಸರು ಒಪ್ಪಿಗೆಯಾಗದಿದ್ದರೆ ಹೋಗಬೇಕಾದದ್ದು ವಿಶೇಷ ಶಿಕ್ಷಣದ ಟ್ರಿಬ್ಯುನಲ್‌ಗೆ. ಕೌನ್ಸಿಲ್‌ನ ಪತ್ರದ ದಿನದಿಂದ ಎರಡು ತಿಂಗಳು ಅಥವಾ ಮಧ್ಯಸ್ಥಿಕೆಯ ಪ್ರಮಾಣಪತ್ರ (ಕೌನ್ಸಿಲ್ ಜೊತೆಗಿನ ರಾಜಿ ಮಾತುಕತೆಯ ದಾರಿಯನ್ನು ಪರಿಗಣಿಸಿದ್ದೀರಿ ಎಂಬ ಪತ್ರ) ಸಿಕ್ಕ ದಿನದಿಂದ ಒಂದು ತಿಂಗಳು, ಇವೆರಡರಲ್ಲಿ ಯಾವುದು ತಡವೋ ಅದೇ ಕೊನೆಯ ದಿನ. ತಕರಾರು ಶಾಲೆಯ ಹೆಸರಿನ ಬಗ್ಗೆ ಮಾತ್ರವಾದರೆ ಆ ಪ್ರಮಾಣಪತ್ರ ಬೇಕಿಲ್ಲ.

ಇಲ್ಲಿ ಪೋಷಕರ ಕೈ ಸಾಕಷ್ಟು ಬಲವಾಗಿದೆ. ಸರ್ಕಾರಿ ಅನುದಾನದ ಶಾಲೆಯನ್ನು ನೀವು ಕೇಳಿದಾಗ ಕೌನ್ಸಿಲ್ ‘ಸೀಟು ಭರ್ತಿಯಾಗಿದೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಶಾಲೆ ಈ ಮಗುವಿಗೆ ಹೊಂದುವುದಿಲ್ಲ, ಉಳಿದ ಮಕ್ಕಳ ಕಲಿಕೆಗೆ ಧಕ್ಕೆಯಾಗುತ್ತದೆ ಅಥವಾ ಹಣ, ಸಂಪನ್ಮೂಲ ಸರಿಯಾಗಿ ಬಳಕೆಯಾಗುವುದಿಲ್ಲ ಎಂಬುದನ್ನು ಅದು ತೋರಿಸಿಕೊಡಬೇಕು. ಪ್ಲಾನಿನ ‘ಬಿ’ (ಅಗತ್ಯಗಳು) ಮತ್ತು ‘ಎಫ್’ (ಕೊಡಬೇಕಾದ ನೆರವು) ಭಾಗಗಳನ್ನೂ ಸೂಕ್ಷ್ಮವಾಗಿ ಓದಿ. ‘ಅಗತ್ಯವಿದ್ದಾಗ ಸಹಾಯ’ ಎಂಬಂಥ ತೇಲಿಕೆಯ ಸಾಲುಗಳಿದ್ದರೆ ಅವನ್ನೂ ಪ್ರಶ್ನಿಸಿ. ಯಾವ ನೆರವು, ವಾರಕ್ಕೆ ಎಷ್ಟು ಗಂಟೆ ಎಂದು ಸ್ಪಷ್ಟವಿಲ್ಲದಿದ್ದರೆ ಯಾವ ಶಾಲೆ ಸೂಕ್ತ ಎಂದು ವಾದಿಸುವುದೂ ಕಷ್ಟ. ಆದರೆ ಈ ಭಾಗಗಳನ್ನು ಪ್ರಶ್ನಿಸುವುದಾದರೆ ಮಧ್ಯಸ್ಥಿಕೆಯ ಪ್ರಮಾಣಪತ್ರ ಪಡೆದಿರಬೇಕು.

ಪ್ಲಾನ್ ಇಲ್ಲದವರಿಗೆ ಇರುವುದು ಪ್ರವೇಶ ಮೇಲ್ಮನವಿ. ಮುಂದಿನದೆಲ್ಲ ಅವರಿಗಾಗಿ.

ಕೊಟ್ಟ ಸೀಟನ್ನು ಬಿಡಬೇಡಿ

ಸಿಟ್ಟಿನಲ್ಲಿ ಅನೇಕರು ಕೊಟ್ಟ ಸೀಟನ್ನೇ ತಿರಸ್ಕರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಒಪ್ಪಿಕೊಂಡರೆ ಮೇಲ್ಮನವಿಗೆ ಕಿಂಚಿತ್ತೂ ತೊಂದರೆಯಿಲ್ಲ. ಬಿಟ್ಟರೆ ಸೆಪ್ಟೆಂಬರ್‌ನಲ್ಲಿ ಮಗುವಿಗೆ ಶಾಲೆಯೇ ಇಲ್ಲದಂತಾದೀತು. ಕೇಳಿದ ಶಾಲೆಯ ವೇಟಿಂಗ್ ಲಿಸ್ಟ್‌ನಲ್ಲೂ ಹೆಸರು ಇರಲಿ. ಆ ಪಟ್ಟಿ ಕನಿಷ್ಠ ಡಿಸೆಂಬರ್ 31ರವರೆಗೆ ಇರುತ್ತದೆ, ಮತ್ತು ಅದರಲ್ಲಿನ ಸ್ಥಾನ ನಿರ್ಧಾರವಾಗುವುದು ಶಾಲೆಯ ಪ್ರವೇಶ ಮಾನದಂಡಗಳಿಂದ, ಮೊದಲು ಬಂದವರು ಯಾರು ಎಂಬುದರಿಂದಲ್ಲ.

ಮೇಲ್ಮನವಿಯ ಅರ್ಜಿ ಹಾಕಲು, ಸೀಟು ಇಲ್ಲ ಎಂಬ ಪತ್ರ ಬಂದ ಮೇಲೆ ಕನಿಷ್ಠ 20 ಶಾಲಾ ದಿನಗಳ ಅವಕಾಶ ಕೊಡಲೇಬೇಕು. ಸರಿಯಾದ ಕೊನೆಯ ದಿನಾಂಕ ಶಾಲೆಯ ಅಥವಾ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿರುತ್ತದೆ. ಆ ದಿನದಿಂದ 40 ಶಾಲಾ ದಿನಗಳೊಳಗೆ ವಿಚಾರಣೆ ನಡೆಯಬೇಕು.

ಈ ಮಗುವಿಗೆ ಈ ಶಾಲೆಯೇ ಏಕೆ?

ಇಡೀ ಮೇಲ್ಮನವಿ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಶಾಲೆಗೆ ಒಳ್ಳೆಯ ಹೆಸರಿದೆ, ಫಲಿತಾಂಶ ಚೆನ್ನಾಗಿದೆ ಎಂಬ ಮಾತುಗಳಿಗೆ ಇಲ್ಲಿ ತೂಕ ಕಡಿಮೆ, ಏಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ. ‘ಮಗುವಿಗೆ ಆಟಿಸಂ ಇದೆ’ ಎಂದರೂ ಸಾಲದು. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವುದು ಪ್ರತಿ ಶಾಲೆಯ ಕರ್ತವ್ಯ, ಹಾಗಾಗಿ ಕೊಟ್ಟ ಶಾಲೆಯೂ ನೋಡಿಕೊಳ್ಳುತ್ತದಲ್ಲ ಎಂದು ಮೇಲ್ಮನವಿ ವಿಚಾರಿಸುವ ಪ್ಯಾನೆಲ್ ಕೇಳಿಯೇ ಕೇಳುತ್ತದೆ. ಅದಕ್ಕೇ ಎರಡೂ ಶಾಲೆಗಳಿಗೆ ಹೋಗಿ ಬನ್ನಿ. ವಿಶೇಷ ಅಗತ್ಯಗಳ ಬಗ್ಗೆ ಪ್ರತಿ ಶಾಲೆ ತನ್ನ ವೆಬ್‌ಸೈಟಿನಲ್ಲಿ ಹಾಕುವ ವರದಿ ಓದಿ, ಸೆನ್‌ಕೋ (ವಿಶೇಷ ಅಗತ್ಯದ ಮಕ್ಕಳ ನೆರವಿನ ಹೊಣೆ ಹೊತ್ತ) ಶಿಕ್ಷಕರಿಗೆ ಪತ್ರ ಬರೆದು ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಡಾಕ್ಟರ ಪತ್ರದ ವಿಷಯಕ್ಕೆ ಬರೋಣ. ‘ಈ ಬಾಲಕನಿಗೆ ಆಟಿಸಂ ಇದೆ, ತಂದೆತಾಯಿ ಕೇಳಿದ ಶಾಲೆ ಕೊಟ್ಟರೆ ಅನುಕೂಲ’ ಎಂಬ ಎರಡು ಸಾಲಿನಿಂದ ಹೆಚ್ಚು ಪ್ರಯೋಜನವಿಲ್ಲ. ಅದರ ಬದಲು ಮಕ್ಕಳ ತಜ್ಞರೋ, ಶೈಕ್ಷಣಿಕ ಮನಶ್ಶಾಸ್ತ್ರಜ್ಞರೋ, ಪ್ರೈಮರಿ ಶಾಲೆಯ ಸೆನ್‌ಕೋ ಅವರೋ ಹೀಗೆ ಬರೆದರೆ? ‘ಗದ್ದಲದ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಾನೆ, ಇಳಿಯಬೇಕಾದ ಸ್ಟಾಪ್ ಗೊತ್ತಾಗುವುದಿಲ್ಲ. ಅಂಥ ದಿನ ಮೊದಲ ಎರಡು ಪೀರಿಯಡ್ ತರಗತಿಯಲ್ಲಿ ಕೂರಲಾರ. ಕೊಟ್ಟ ಶಾಲೆಗೆ ಎರಡು ಬಸ್ ಬದಲಾಯಿಸಬೇಕು. ಕೇಳಿರುವ ಶಾಲೆಗೆ ನಡೆದೇ ಹೋಗಬಹುದು, ಊಟದ ಹೊತ್ತಿನಲ್ಲಿ ಕೂರಲು ಅಲ್ಲಿ ಸದ್ದಿಲ್ಲದ ಕೋಣೆ ಇದೆ, ಅವನು ನಂಬುವ ಒಬ್ಬನೇ ಗೆಳೆಯ ಅಲ್ಲಿಗೇ ಹೋಗುತ್ತಿದ್ದಾನೆ.’ ಮಗು, ತೊಂದರೆ, ಎರಡು ಶಾಲೆಗಳ ನಡುವಿನ ವ್ಯತ್ಯಾಸ ಮೂರೂ ಇದರಲ್ಲಿವೆ.

ವಿಚಾರಣೆಯ ದಿನ

ಪ್ಯಾನೆಲ್‌ನಲ್ಲಿ ಕನಿಷ್ಠ ಮೂವರು ಇರುತ್ತಾರೆ. ಅವರಾರೂ ಆ ಶಾಲೆಗೆ ಸೇರಿದವರಲ್ಲ. ಮೊದಲ ಹಂತದಲ್ಲಿ ಶಾಲೆ ನಿಯಮದಂತೆ ನಡೆದುಕೊಂಡಿದೆಯೇ, ಇನ್ನೊಂದು ಮಗು ಸೇರಿದರೆ ನಿಜಕ್ಕೂ ತೊಂದರೆಯೇ ಎಂದು ನೋಡುತ್ತಾರೆ. ಮನೆಯಿಂದ ಶಾಲೆಯ ದೂರ ತಪ್ಪಾಗಿ ಅಳೆದಿದ್ದರೆ, ವೈದ್ಯಕೀಯ ಅಗತ್ಯದ ಆದ್ಯತೆಗೆಂದು ಕೊಟ್ಟ ದಾಖಲೆಯನ್ನು ಗಮನಿಸದೆ ಬಿಟ್ಟಿದ್ದರೆ ಇಲ್ಲೇ ಎತ್ತಬೇಕು. ಆ ತಪ್ಪಿನಿಂದಲೇ ಸೀಟು ತಪ್ಪಿತೆಂದಾದರೆ ಸಾಮಾನ್ಯವಾಗಿ ನೀವು ಗೆದ್ದಂತೆ. ಶಾಲೆಯ ವಾದ ವಿಚಾರಣೆಗೆ ಮುಂಚೆಯೇ ನಿಮ್ಮ ಕೈ ಸೇರುತ್ತದೆ. ಹಿಂದಿನ ವರ್ಷಗಳಲ್ಲಿ ನಿಗದಿತ ಸಂಖ್ಯೆಗಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡಿದ್ದಾರೆಯೇ, ಆಗ ಏನು ತೊಂದರೆಯಾಯಿತು ಎಂದು ಕೇಳಿ.

ಎರಡನೇ ಹಂತದಲ್ಲಿ ಶಾಲೆಗಾಗುವ ತೊಂದರೆಯನ್ನೂ ನಿಮ್ಮ ಮಗುವಿನ ಅಗತ್ಯವನ್ನೂ ತೂಗಿ ನೋಡುತ್ತಾರೆ. ನಮ್ಮವರು ಎಡವುವುದು ಇಲ್ಲಿ. ಮಗುವಿನ ಕಷ್ಟವನ್ನು ಹೊರಗಿನವರ ಮುಂದೆ ಹೇಳಿಕೊಳ್ಳಲು ಸಂಕೋಚಪಟ್ಟು, ‘ಸ್ವಲ್ಪ ತುಂಟ, ಬೆಳೀತಾ ಸರಿಹೋಗ್ತಾನೆ’ ಎಂದುಬಿಡುತ್ತಾರೆ. ಪ್ಯಾನೆಲ್ ಅದನ್ನೇ ನಂಬುತ್ತದೆ. ವಿಚಾರಣೆ ಖಾಸಗಿಯಾಗಿಯೇ ನಡೆಯುತ್ತದೆ, ಅಲ್ಲಿ ಆಡಿದ ಮಾತು ಸಮುದಾಯದ ಕಿವಿಗೆ ಬೀಳುವುದಿಲ್ಲ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಸಲು ಎಷ್ಟು ಹೊತ್ತು ಬೇಕು, ಶಾಲೆಯಿಂದ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಜೊತೆಗೆ ಗೆಳೆಯರನ್ನೋ ಸಲಹೆಗಾರರನ್ನೋ ಕರೆದೊಯ್ಯಬಹುದು. ಇಂಗ್ಲಿಷಿನಲ್ಲಿ ಮಾತಾಡಲು ಅಳುಕಿದ್ದರೆ ದುಭಾಷಿ ಬೇಕೆಂದು ಅರ್ಜಿಯಲ್ಲೇ ತಿಳಿಸಿ. ಪ್ರತಿ ಕೌನ್ಸಿಲ್ ವ್ಯಾಪ್ತಿಯಲ್ಲೂ ಸೆಂಡಿಯಾಸ್ ಎಂಬ ಉಚಿತ ಸಲಹಾ ಸೇವೆ ಇದೆ. ಇಪ್ಸಿಯಾ ಎಂಬ ಸೇವಾ ಸಂಸ್ಥೆ ಕಾನೂನು ಸಲಹೆ ಕೊಡುತ್ತದೆ.

ತೀರ್ಪು ಸಾಧ್ಯವಾದಷ್ಟೂ ಐದು ಶಾಲಾ ದಿನಗಳೊಳಗೆ ಬರುತ್ತದೆ. ಗೆದ್ದರೆ ಶಾಲೆ ಸೇರಿಸಿಕೊಳ್ಳಲೇಬೇಕು. ಸೋತರೆ ಅದೇ ವರ್ಷಕ್ಕೆ ಅದೇ ಶಾಲೆಗೆ ಮತ್ತೆ ಮೇಲ್ಮನವಿ ಹಾಕಲು ಪರಿಸ್ಥಿತಿ ಗಣನೀಯವಾಗಿ ಬದಲಾಗಿರಬೇಕು. ವಿಚಾರಣೆ ನಡೆಸಿದ ರೀತಿಯಲ್ಲೇ ಲೋಪವಿದ್ದರೆ, ಕೌನ್ಸಿಲ್ ಶಾಲೆಗಳ ವಿಷಯದಲ್ಲಿ ಸ್ಥಳೀಯಾಡಳಿತದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಇದರ ಜೊತೆಜೊತೆಗೇ, ಮಗುವಿನ ಅಗತ್ಯ ಶಾಲೆಯ ಸಾಮಾನ್ಯ ನೆರವಿಗೆ ಮೀರಿದ್ದು ಅನ್ನಿಸಿದರೆ, ಇಎಚ್‌ಸಿ ಮೌಲ್ಯಮಾಪನ ಕೋರಿ ಕೌನ್ಸಿಲ್‌ಗೆ ನೀವೇ ಪತ್ರ ಬರೆಯಿರಿ. ಶಾಲೆಯವರೇ ಕೇಳಲಿ ಎಂದು ಕಾಯಬೇಕಿಲ್ಲ. ಆರು ವಾರಗಳೊಳಗೆ ಕೌನ್ಸಿಲ್ ಉತ್ತರಿಸಬೇಕು. ಆಗುವುದಿಲ್ಲ ಎಂದರೆ ಅದನ್ನೂ ಟ್ರಿಬ್ಯುನಲ್‌ನಲ್ಲಿ ಪ್ರಶ್ನಿಸಬಹುದು.