ಒಟ್ಲಿನ ಸಸಿಗೆ ಮೊದಲ ತಿಂಗಳ ಕಾವಲು

ಮಾಲೂರಿನ ಹತ್ತಿರದ ಹಳ್ಳಿ ನಮ್ಮದು. ಮನೆ ಹಿಂದೆ ಮೂರು ಗುಂಟೆ ಜಾಗವಿದೆ. ಬದನೆ, ಮೆಣಸಿನಕಾಯಿ, ಟೊಮ್ಯಾಟೊ, ಒಂದೆರಡು ಮಡಿ ಸೊಪ್ಪು, ಬೇಲಿಗೆ ಹೀರೆ, ಸೋರೆ. ಮನೆಗಾಗಿ ಮಿಕ್ಕಿದ್ದು ಸಂತೆಗೆ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ಒಟ್ಲು, ಅಂದರೆ ನಾಟಿಗೆ ಮೊದಲು ಬೀಜ ಬಿತ್ತಿ ಸಸಿ ಎಬ್ಬಿಸುವ ಮಡಿ, ಹಾಕುತ್ತಿದ್ದೇನೆ. ಮೊದಲ ನಾಲ್ಕೈದು ವರ್ಷ ನಾನು ಸಾಕಿದ್ದು ಸಸಿಗಳನ್ನಲ್ಲ, ಹುಳುಗಳನ್ನು.

ದೊಡ್ಡ ಗಿಡದಲ್ಲಿ ಹತ್ತು ಎಲೆ ಹೋದರೂ ಅದು ತಡೆದುಕೊಳ್ಳುತ್ತದೆ. ಸಸಿಗೆ ಇರುವುದೇ ಎರಡೋ ನಾಲ್ಕೋ ಎಲೆ, ಒಂದು ರಾತ್ರಿ ಸಾಕು ಅದನ್ನು ಮುಗಿಸಲು. ಮೊಳಕೆ ಬಂದ ದಿನದಿಂದ ನಾಟಿಯಾಗಿ ಹದಿನೈದು ದಿನದ ತನಕ ದಿನಾ ಕಾಯಬೇಕು. ಔಷಧಿ ಹೊಡೆಯುವ ಅಭ್ಯಾಸ ನನಗಿಲ್ಲ. ಪಕ್ಕದ ಮಡಿಯಲ್ಲೇ ನಾಳೆ ಬಸ್ಸಾರಿಗೆ ಕೀಳುವ ದಂಟಿನ ಸೊಪ್ಪಿರುತ್ತದೆ, ಹೇಗೆ ಹೊಡೆಯಲಿ?

ಬೀಜ ಹಾಕುವ ಮೊದಲೇ ಅರ್ಧ ಕೆಲಸ ಇದೆ. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಗೊಬ್ಬರದ ಜೊತೆ ಗೊಣ್ಣೆ ಹುಳು ಬರುತ್ತದೆ. ಬೆಳ್ಳಗೆ, ದಪ್ಪಗೆ, ಬಿಲ್ಲಿನ ಹಾಗೆ ಬಾಗಿಕೊಂಡಿರುತ್ತದೆ. ಮಣ್ಣೊಳಗೆ ಕೂತು ಬೇರು ತಿನ್ನುತ್ತದೆ, ಮೇಲೆ ಸಸಿ ಸುಮ್ನೆ ಬಾಡುತ್ತದೆ. ನೀರು ಸಾಲದು ಅಂದುಕೊಂಡು ನಾವು ಇನ್ನೂ ನೀರು ಹಾಕುತ್ತೇವೆ. ಗೊಬ್ಬರವನ್ನು ಅಂಗಳದಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆ ಬಿಡಿ. ಉಳಿದದ್ದನ್ನು ಕೋಳಿಗಳು ನೋಡಿಕೊಳ್ಳುತ್ತವೆ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಮಡಿಗೆ ನಾನು ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ, ನೀರು ಕೊಟ್ಟು, ಎರಡು ವಾರ ಬಿಟ್ಟು ಬಿತ್ತುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಡಿ ಖಾಲಿ ಇದ್ದರೆ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಹಾಕಿ ನಾಲ್ಕು ವಾರ ಬಿಡಿ. ಬಿಸಿಲಿಗೆ ಮೇಲ್ಮಣ್ಣು ಬೇಯುತ್ತದೆ. ಕಳೆ ಬೀಜ, ಹುಳುವಿನ ಕೋಶ ತುಂಬಾ ಕಡಿಮೆಯಾಗುತ್ತವೆ. ಕರಿ ಹಾಳೆಗಿಂತ ಪಾರದರ್ಶಕದ ಕೆಳಗೆ ಮಣ್ಣು ಹೆಚ್ಚು ಕಾಯುತ್ತದೆ.

ಸೊಪ್ಪಿನ ಬೀಜಕ್ಕೆ ಇರುವೆ ಕಾಟ. ಅವು ಸಾಲುಗಟ್ಟಿ ದಂಟಿನ ಬೀಜ ಹೊತ್ತೊಯ್ಯುತ್ತವೆ. ಅತ್ತೆ ಬಿತ್ತುವ ದಿನ ಬದುವಿನ ಮೇಲೆ ಎರಡು ಹಿಡಿ ಅಕ್ಕಿ ನುಚ್ಚು ಚೆಲ್ಲುತ್ತಾರೆ. "ಅವಕ್ಕೂ ಹೊಟ್ಟೆ ಇದೆ ಕಣಮ್ಮ" ಅನ್ನುತ್ತಾರೆ. ನುಚ್ಚು ಮುಗಿಯುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ನಾನು ಮೊದಲು ನಗುತ್ತಿದ್ದೆ. ಈಗ ಮರೆತರೆ ನಾನೇ ನೆನಪಿಸುತ್ತೇನೆ.

ಇನ್ನು ನೋಡುವ ಕೆಲಸ. ಬದುವಿನ ಮೇಲೆ ನಿಂತು ನೋಡಿದರೆ ಏನೂ ಕಾಣದು. ಕುಕ್ಕರಗಾಲಲ್ಲಿ ಕೂತು, ಎಲೆ ಮಗುಚಿ ನೋಡಬೇಕು. ಬೆಳಗ್ಗೆ ಒಂದು ಸಲ, ಅನುಮಾನ ಬಂದರೆ ರಾತ್ರಿ ಟಾರ್ಚು ಹಿಡಿದು ಇನ್ನೊಂದು ಸಲ.

ಒಂದು ವರ್ಷ ಸಂಜೆ ನಲವತ್ತು ಬದನೆ ಪೈರು ನಾಟಿ ಮಾಡಿದೆ. ಬೆಳಗ್ಗೆ ಹೋದರೆ ಹನ್ನೊಂದು ಸಸಿ ಬುಡದಿಂದ ಕತ್ತರಿಸಿ ಮಲಗಿದ್ದವು. ತಿಂದಿಲ್ಲ, ಬರೀ ಕಡಿದು ಹಾಕಿದೆ. ಪಕ್ಕದ ಮನೆಯ ಕುರಿ ಅಂತ ಜಗಳಕ್ಕೆ ಹೊರಟಿದ್ದೆ. ಅತ್ತೆ ತಡೆದು, ಒಂದು ಸಸಿಯ ಬುಡದಲ್ಲಿ ಬೆರಳು ತೂರಿಸಿ ಒಂದು ಇಂಚು ಮಣ್ಣು ಕೆದಕಿದರು. ಮಣ್ಣಿನ ಬಣ್ಣದ್ದೇ ಒಂದು ಹುಳು ಸುರುಳಿ ಸುತ್ತಿಕೊಂಡು ಮಲಗಿತ್ತು. ಕತ್ತರಿ ಹುಳು. ರಾತ್ರಿ ಮೇಲೆ ಬಂದು ಕಾಂಡ ಕಡಿಯುತ್ತದೆ, ಹಗಲು ಅದೇ ಬುಡದ ಪಕ್ಕದಲ್ಲೇ ಮಲಗುತ್ತದೆ. ಹಾಗಾಗಿ ಸಸಿ ಬಿದ್ದ ಬೆಳಗ್ಗೆಯೇ ಕೆದಕಿ ಹುಡುಕಿ. ಬಿಟ್ಟರೆ ಅವತ್ತು ರಾತ್ರಿ ಪಕ್ಕದ ಸಸಿಗೆ ಹೋಗುತ್ತದೆ.

ಇದಕ್ಕೆ ನನ್ನ ಉಪಾಯ ಟೀ ಕುಡಿಯುವ ಪೇಪರ್ ಲೋಟ. ಮದುವೆ, ತಿಥಿ ಎಲ್ಲಿ ನಡೆದರೂ ಒಂದು ಚೀಲ ತರುತ್ತೇನೆ, ನಾಚಿಕೆ ಇಲ್ಲ. ತಳ ಕತ್ತರಿಸಿ, ಸಸಿ ನೆಟ್ಟ ಮೇಲೆ ಮೇಲಿಂದ ಇಳಿಸಿ, ಒಂದು ಇಂಚು ಮಣ್ಣಿನೊಳಗೆ ಒತ್ತಿ. ಎರಡು ಇಂಚು ಮೇಲಿರಲಿ. ಹುಳು ಕಾಂಡದ ಹತ್ತಿರ ಬರಲಾಗುವುದಿಲ್ಲ. ಲೋಟ ಇಳಿಸುವ ಮೊದಲು ಬುಡದ ಮಣ್ಣು ಕೆದಕಿ ನೋಡಿ. ಒಳಗೇ ಹುಳು ಇದ್ದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಟೊಮ್ಯಾಟೊಗೆ ದೊಡ್ಡ ಶತ್ರು ಬಿಳಿ ನೊಣ. ಒಂದು ಮಿಲಿಮೀಟರಿನಷ್ಟಿರುತ್ತದೆ. ಎಲೆ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಕಾಣುತ್ತದೆ. ಅದು ರಸ ಹೀರುವುದಕ್ಕಿಂತ ತಂದು ಹಾಕುವ ರೋಗ ಕೆಟ್ಟದ್ದು: ಎಲೆ ಮುದುಡು ರೋಗ. ಸಂತೆಯಲ್ಲಿ "ವೈರಸ್ ಬಿದ್ದಿದೆ" ಅನ್ನುವುದು ಇದಕ್ಕೇ. ಬಂದ ಮೇಲೆ ಮದ್ದಿಲ್ಲ. ಚಿಕ್ಕ ಸಸಿಯಲ್ಲೇ ತಗುಲಿದರೆ ಗಿಡ ಕುಳ್ಳಗಾಗಿ, ಕಾಯಿ ಬರುವುದೇ ಅನುಮಾನ. ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಎಲ್ಲಾದರೂ ಟೊಮ್ಯಾಟೊ ಇದ್ದೇ ಇರುತ್ತದೆ, ನೊಣಕ್ಕೆ ರಜೆಯೇ ಇಲ್ಲ.

ಮುಚ್ಚುವುದೊಂದೇ ದಾರಿ. ಆದರೆ ಯಾವುದರಿಂದ ಅನ್ನುವುದು ಮುಖ್ಯ. ನಾನು ಹಳೆ ಸೊಳ್ಳೆ ಪರದೆ ಹೊದಿಸಿ, ಜಾಣೆ ಅಂತ ಬೀಗಿದೆ. ಸೊಳ್ಳೆ ತಡೆಯುವ ತೂತಿನಲ್ಲಿ ಬಿಳಿ ನೊಣ ಆರಾಮಾಗಿ ನುಗ್ಗುತ್ತದೆ. ನಾಟಿಯಾಗಿ ಎರಡು ವಾರಕ್ಕೆ ಇಡೀ ಸಾಲು ಮುದುಡಿತು. ಬೇಕಾದದ್ದು 50 ಮೆಶ್‌ನ ನೈಲಾನ್ ಬಲೆ. ಅಂದರೆ ಒಂದು ಇಂಚಿನಲ್ಲಿ 50 ತೂತು. ಅಂಗಡಿಯಲ್ಲಿ ಅದನ್ನೇ ಕೇಳಿ. ಹಸಿರು ನೆರಳು ಬಲೆ ಕೊಟ್ಟರೆ ತರಬೇಡಿ, ಅದು ಬಿಸಿಲಿಗೆ, ಹುಳುವಿಗಲ್ಲ.

ಮೂರು ಅಡಿ ಅಗಲದ ಮಡಿಗೆ ಆರು ಅಡಿಯ ಬಿದಿರು ದಬ್ಬೆ ಸರಿ. ಎರಡೂ ತುದಿ ಅರ್ಧ ಅಡಿ ಮಣ್ಣಿಗೆ ಇಳಿಸಿ ಕಮಾನು ಮಾಡಿ, ಮೂರು ಅಡಿಗೊಂದು. ಬಲೆ ಬೀಜ ಹಾಕಿದ ದಿನವೇ ಹೊದಿಸಿ, ಸುತ್ತಲೂ ಅಂಚನ್ನು ಮಣ್ಣಲ್ಲಿ ಹೂಳಿ. ಕಲ್ಲಿಟ್ಟರೆ ಸಾಲದು, ಕಲ್ಲಿನ ನಡುವೆ ಸಂದಿ ಉಳಿಯುತ್ತದೆ. ನೀರು ಬಲೆಯ ಮೇಲಿಂದಲೇ ರೋಸ್ ಕ್ಯಾನ್‌ನಲ್ಲಿ (ಮೂತಿಗೆ ಸಣ್ಣ ತೂತುಗಳಿರುವ ನೀರಿನ ಡಬ್ಬ) ಹಾಕಿ, ಅದೂ ಬೆಳಗ್ಗೆ. ಸಂಜೆ ಹಾಕಿದರೆ ಒಳಗೆ ರಾತ್ರಿಯಿಡೀ ತೇವ ನಿಂತು ಸಸಿ ಕೊಳೆತು ಬೀಳುತ್ತದೆ. ಒಳಗೊಂದು ಹಳದಿ ಡಬ್ಬದ ಮುಚ್ಚಳಕ್ಕೆ ಹರಳೆಣ್ಣೆ ಸವರಿ ಕಡ್ಡಿಗೆ ಸಿಕ್ಕಿಸುತ್ತೇನೆ. ಬಿಳಿ ನೊಣಕ್ಕೆ ಹಳದಿ ಅಂದರೆ ಇಷ್ಟ. ಅಂಟಿಕೊಂಡದ್ದು ಕಂಡರೆ ಬಲೆಯಲ್ಲಿ ಎಲ್ಲೋ ಕಿಂಡಿ ಇದೆ ಅಂತ ಗೊತ್ತಾಗುತ್ತದೆ. ಅಷ್ಟಕ್ಕೇ ಅದು, ನೊಣವೆಲ್ಲ ಅದರಲ್ಲೇ ಸಾಯುತ್ತದೆ ಅಂತ ನಂಬಬೇಡಿ.

ಟ್ರೇಯಲ್ಲಿ ಬೆಳೆಸಿದ ಪೈರು ಕೊಂಡು ತರುವವರು ಅಲ್ಲೇ ನಾಲ್ಕು ಎಲೆ ಮಗುಚಿ ನೋಡಿ. ನೊಣ ಎದ್ದರೆ ಬಿಟ್ಟು ಬನ್ನಿ, ಎಷ್ಟು ಅಗ್ಗಕ್ಕೆ ಕೊಟ್ಟರೂ.

ಹೀರೆ, ಸೋರೆ, ಕುಂಬಳದ ಕತೆ ಬೇರೆ. ಮೊಳಕೆಯ ಎರಡು ದಪ್ಪ ಎಲೆ ಬಿಚ್ಚುವಷ್ಟರಲ್ಲಿ ಕೆಂಪು ದುಂಬಿ ಬಂದು ತೂತು ತೂತು ಮಾಡುತ್ತದೆ. ಬಿಸಿಲೇರಿದರೆ ಕೈಗೆ ಸಿಗದೆ ಹಾರುತ್ತದೆ. ಬೆಳಗ್ಗೆ ಆರು ಗಂಟೆಗೆ ಇಬ್ಬನಿಯಲ್ಲಿ ಮಂಕಾಗಿರುತ್ತದೆ. ಎಲೆ ಕೆಳಗೆ ಸೋಪಿನ ನೀರಿನ ಬಟ್ಟಲು ಹಿಡಿದು ಎಲೆ ತಟ್ಟಿದರೆ ಬೀಳುತ್ತದೆ. ಅದೇ ಹೊತ್ತಿಗೆ ಜರಡಿ ಹಿಡಿದ ಸೌದೆ ಬೂದಿಯನ್ನು ಎಲೆ ಮೇಲೆ ತೆಳ್ಳಗೆ ಉದುರಿಸಿ. ಇಬ್ಬನಿಗೆ ಬೂದಿ ಅಂಟುತ್ತದೆ. ಮಧ್ಯಾಹ್ನ ಹಾಕಿದರೆ ಗಾಳಿಗೆ ಹೋಗುತ್ತದೆ. ಮಳೆ ಬಂದರೆ ಮತ್ತೆ ಹಾಕಬೇಕು. ಬುಡಕ್ಕೆ ಬೊಗಸೆಗಟ್ಟಲೆ ಸುರಿಯಬೇಡಿ, ಮಣ್ಣು ಕೆಡುತ್ತದೆ. ಈ ವಿಷಯದಲ್ಲಿ ಅತ್ತೆಗೂ ನನಗೂ ಇನ್ನೂ ರಾಜಿಯಾಗಿಲ್ಲ.

ಎಲೆ ಮೇಲೆ ಬಿಳಿ ಗೆರೆ ಎಳೆದ ಹಾಗಿದ್ದರೆ ರಂಗೋಲಿ ಹುಳು. ಎಲೆಯನ್ನು ಬೆಳಕಿಗೆ ಹಿಡಿಯಿರಿ. ಗೆರೆ ಸಣ್ಣಗೆ ಶುರುವಾಗಿ ದಪ್ಪವಾಗುತ್ತಾ ಹೋಗುತ್ತದೆ. ದಪ್ಪ ತುದಿಯಲ್ಲಿ ಹಳದಿ ಚುಕ್ಕೆಯಂತೆ ಹುಳು ಇರುತ್ತದೆ. ಉಗುರಿನಿಂದ ಅದುಮಿದರೆ ಆಯಿತು, ಎಲೆ ಕೀಳಬೇಕಿಲ್ಲ.

ಬದನೆ ಎಲೆ ಜಾಲರಿಯಂತಾಗಿದ್ದರೆ ಮೇಲೆ ಕೂತಿರುವ ಚುಕ್ಕೆ ಹುಳುವನ್ನು ಸರಿಯಾಗಿ ನೋಡಿ. ಹೊಳೆಯುವ ಗುಲಗಂಜಿ ಹುಳು ನಮ್ಮ ಪಕ್ಷದ್ದು, ಗಿಡದ ರಸ ಹೀರುವ ಹೇನನ್ನು ತಿನ್ನುತ್ತದೆ. ಹೊಳಪಿಲ್ಲದೆ, ಮೈತುಂಬ ಚುಕ್ಕೆಯಿದ್ದರೆ ಅದು ಎಲೆ ಕೆರೆದು ತಿನ್ನುವ ಜಾತಿ. ಅದರ ಮರಿಗೆ ಮೈಮೇಲೆ ಮುಳ್ಳು ಮುಳ್ಳು. ಎರಡನ್ನೂ ಒಟ್ಟಿಗೆ ಹೊಸಕಿ ಹಾಕಿದ ಪಾಪ ನಾನೂ ಮಾಡಿದ್ದೇನೆ.

ಇಷ್ಟಾದರೂ ಕಾಟ ಜಾಸ್ತಿಯಾದರೆ ಬೇವಿನ ಬೀಜದ ಕಷಾಯ. ಆಷಾಢದ ಹೊತ್ತಿಗೆ ಉದುರುವ ಹಣ್ಣು ಆರಿಸಿ, ಸಿಪ್ಪೆ ತೆಗೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. 50 ಗ್ರಾಂ ತಿರುಳು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಗ್ಗೆ ಚೆನ್ನಾಗಿ ಹಿಂಡಿ, ಒಟ್ಟು ಒಂದು ಲೀಟರ್ ಮಾಡಿ, ಚಿಟಿಕೆ ಸೋಪು ಕರಗಿಸಿ. ಅವತ್ತೇ ಸಂಜೆ ಬಿಸಿಲಿಳಿದ ಮೇಲೆ ಎಲೆಯ ಕೆಳಗೂ ಬೀಳುವಂತೆ ಸಿಂಪಡಿಸಿ, ನಾಳೆಗೆ ಇಡಬೇಡಿ. ತೀರಾ ಎಳೆ ಸಸಿಗೆ ಅಷ್ಟೇ ನೀರು ಸೇರಿಸಿ ತೆಳು ಮಾಡಿಕೊಳ್ಳುತ್ತೇನೆ. ಹುಳು ಪಟಪಟ ಉದುರುವುದಿಲ್ಲ. ಎಲೆ ಕಹಿಯಾಗಿ ತಿನ್ನುವುದು ಬಿಡುತ್ತದೆ, ಅಷ್ಟೇ. ವಾರಕ್ಕೊಮ್ಮೆ ಮತ್ತೆ ಮಾಡಬೇಕು.

ಚೆಂಡು ಹೂ ಹಾಕಿದರೆ ಹುಳುವೇ ಬರಲ್ಲ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅದು ಟೊಮ್ಯಾಟೊ ಕಾಯಿ ಕೊರೆಯುವ ಹುಳುವನ್ನು ತಡೆಯಲು ಆಗಿಬರುತ್ತದೆ. ಅದರ ಪತಂಗ ಹೂವಿಗೆ ಮೊಟ್ಟೆ ಇಡುತ್ತದೆ, ಟೊಮ್ಯಾಟೊ ಉಳಿಯುತ್ತದೆ. ಒಟ್ಲಿನ ಸಸಿಗೆ ಅದರಿಂದ ಏನೂ ಉಪಯೋಗವಿಲ್ಲ. ಅದರ ಬದಲು ನಾಟಿಗೆ ತಿಂಗಳು ಮೊದಲೇ ಸುತ್ತಲೂ ಎರಡು ಸಾಲು ಮುಸುಕಿನ ಜೋಳ ಬಿತ್ತಿ. ಹಾರಿ ಬರುವ ಬಿಳಿ ನೊಣಕ್ಕೆ ಅದೇ ಗೋಡೆ.

ಟೊಮ್ಯಾಟೊ ಪೈರು 25 ದಿನಕ್ಕೆ, ಮೆಣಸಿನಕಾಯಿ 40 ದಿನಕ್ಕೆ ನಾಟಿಗೆ ಬರುತ್ತದೆ. ಸೋರೆ, ಹೀರೆಗೆ ಬಲೆ ಹಾಕಿದ್ದರೆ ಹೂ ಬಿಡುವ ಮೊದಲು ತೆಗೆಯಿರಿ, ಜೇನು ಒಳಗೆ ಬರಬೇಕಲ್ಲ. ತೆಗೆದ ಬಲೆ ಒಗೆದು, ನೆರಳಲ್ಲಿ ಒಣಗಿಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಿ. ಅಟ್ಟದ ಮೇಲೆ ಇಟ್ಟಿದ್ದ ನನ್ನ ಮೊದಲ ಬಲೆಯಲ್ಲಿ ಇಲಿ ಮರಿ ಹಾಕಿತ್ತು.