ನೆಟ್‌ವರ್ಕ್ ಇಲ್ಲದ ಊರಲ್ಲಿ ಕ್ಯೂಬಾ ಬಿಕ್ಕಟ್ಟು

ಶಿರಸಿಯಲ್ಲಿ ಆನ್‌ಲೈನ್ ಸಿಮ್ಯುಲೇಶನ್, ಅಂದರೆ ಮಕ್ಕಳೇ ಒಂದೊಂದು ದೇಶವಾಗಿ ಮಾತುಕತೆ ನಡೆಸುವ ಆಟ, ಮಾಡಿಸುತ್ತೇನೆ ಅಂದಾಗ ಸ್ಟಾಫ್ ರೂಮಲ್ಲಿ ನಕ್ಕವರೇ ಜಾಸ್ತಿ. "ಮಳೆಗಾಲದಲ್ಲಿ ಕರೆಂಟೇ ಇರೂದಿಲ್ಲ, ನಿಮ್ಮ ವಿಶ್ವಸಂಸ್ಥೆ ಎಂತ ನಡೀತದೆ ಸರ್?" ಅಂದರು ಒಬ್ಬರು. ಈಗ ಅವರೇ ನನ್ನ ಆಟದ ಶೀಟ್ ಕೇಳುತ್ತಿದ್ದಾರೆ.

ಮೊದಲು ವಿದೇಶದ ರೆಡಿಮೇಡ್ ಆಟ ನೋಡಿದೆ. ತಲೆಗೆ ಇಷ್ಟು ಡಾಲರ್ ಅಂತ ಲೆಕ್ಕ. ನಲವತ್ತು ಚಿಲ್ಲರೆ ಮಕ್ಕಳಿಗೆ ಗುಣಿಸಿ ನೋಡಿ ಸುಮ್ಮನಾದೆ. ಆಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯನ್ನು ವಿಡಿಯೋ ಮೀಟಿಂಗಲ್ಲಿ ಕೂರಿಸಿದೆ. 15 ದೇಶ, ನಿರ್ಣಯಕ್ಕೆ 9 ಮತ. ಫ್ರಾನ್ಸ್ ಆಗಿದ್ದ ಸಿದ್ದಾಪುರ ಕಡೆಯ ಹುಡುಗ ವೀಟೋ ಹಾಕಿ ನಿರ್ಣಯ ತಡೆಯಬೇಕು ಅನ್ನುವಾಗ ಟವರ್ ಹೋಯಿತು. ಮತ ಎಣಿಸಲು ಹೊರಟರೆ ಸ್ಕ್ರೀನಲ್ಲಿ ಉಳಿದದ್ದೇ ಐದಾರು ದೇಶ. ಮರುವಾರವೂ ಅದೇ ಹಣೆಬರಹ.

ಕೈಹಿಡಿದದ್ದು 1962ರ ಕ್ಯೂಬಾ: ಸೋವಿಯತ್ ಒಕ್ಕೂಟ ಅಲ್ಲಿ ಅಣು ಕ್ಷಿಪಣಿ ಇಟ್ಟಿತು, ಅಮೆರಿಕ ತೆಗೆಯಿರಿ ಅಂದಿತು. ಆಗ ಸೋವಿಯತ್ ನಾಯಕ ಕ್ರುಶ್ಚೇವ್ ಪತ್ರ ಪೂರ್ತಿ ವಾಷಿಂಗ್ಟನ್ ಮುಟ್ಟಲು ಹತ್ತಿರಹತ್ತಿರ ಅರ್ಧ ದಿನ ಹಿಡಿದಿತ್ತು. ಎರಡೂ ರಾಜಧಾನಿಗಳ ನಡುವೆ ನೇರ ಸಂಪರ್ಕದ ಹಾಟ್‌ಲೈನ್ ಬಂದದ್ದೇ 1963ರಲ್ಲಿ. ಹಾಗಾದರೆ ನಮ್ಮ ನೆಟ್‌ವರ್ಕ್‌ಗೆ ಏನು ಕಮ್ಮಿ? ಲೈವ್ ಬಿಟ್ಟೆ. ವಾಟ್ಸಾಪಲ್ಲಿ ದೇಶಕ್ಕೊಂದು ಗುಂಪು, ದಿನಕ್ಕೊಂದೇ ಸುತ್ತು. ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಾಗ ಕಳಿಸಿದರೆ ಸಾಕು.

ಸೋವಿಯತ್ ಗುಂಪು "ಕ್ಯೂಬಾ ಮೇಲೆ ದಾಳಿ ಮಾಡೂದಿಲ್ಲ ಅಂದ್ರೆ ಕ್ಷಿಪಣಿ ತೆಗೀತೇವೆ" ಅಂತ ಬರೆಯಿತು. ಅದಕ್ಕೆ ಉತ್ತರ ಹೋಗುವ ಮೊದಲೇ ಇನ್ನೊಂದು: "ಟರ್ಕಿಯಲ್ಲಿರೋ ನಿಮ್ಮದನ್ನೂ ತೆಗೀರಿ." ಅಮೆರಿಕದ ಹುಡುಗಿ ಇಡೀ ದಿನ ಯೋಚಿಸಿ ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟಳು. ಅಮೆರಿಕ ಅಧ್ಯಕ್ಷ ಕೆನಡಿ ಬಹಿರಂಗವಾಗಿ ಮಾಡಿದ್ದೂ ಅದನ್ನೇ ಅಲ್ವಾ? ಟರ್ಕಿ ವಿಷಯ ಗುಟ್ಟಾಗಿ ಮುಗಿಯಿತು. ನಾನಿನ್ನೂ ಆ ಪಾಠ ಮಾಡಿಯೇ ಇರಲಿಲ್ಲ! ಸೋವಿಯತ್ ಗುಂಪು ಎರಡನೇ ಪತ್ರ ಬರೆಯುವ ಹಾಗೆ ಹೇಗೆ ಕೆಣಕಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಕೆಲವರಿಗೆ ರಿಚಾರ್ಜ್, ಒಂದಷ್ಟು ಜೆರಾಕ್ಸ್, ಎಲ್ಲ ಸೇರಿ ಎರಡು ಸಾವಿರದ ಒಳಗೇ. ನನ್ನ ಜೇಬಿಂದಲೇ.

ನಡುವೆ ಅಡಿಕೆ ಆಟವನ್ನೂ ಆಡಿಸಿದೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆ ತರಲು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗಕ್ಕೆ ತರಬಾರದು ಅನ್ನುವ) ಷರತ್ತು ತೆಗೆಯಿತಲ್ಲ, ಅದೇ. ತೋಟದ ಮನೆಯ ಹುಡುಗನನ್ನೇ ಭೂತಾನ್ ಮಾಡಿದೆ. ಮೊದಲ ಸುತ್ತಲ್ಲಿ ತುಟಿ ಬಿಚ್ಚಲಿಲ್ಲ. ಮೂರನೆಯದರಲ್ಲಿ "2017ರ ಡೋಕ್ಲಾಂ ಮರೆತು ಹೋಯ್ತಾ?" ಅಂತ, ಭೂತಾನ್ ತನ್ನದೆನ್ನುವ ಆ ಜಾಗದಲ್ಲಿ ಭಾರತ, ಚೀನಾ ಸೇನೆ ಎದುರುಬದುರು ನಿಂತದ್ದನ್ನು ನೆನಪಿಸಿ, ಭಾರತವನ್ನೇ ಕೇಳಿದ. ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿಲ್ಲವಂತೆ.

ಬರುವ ಸೆಮಿಸ್ಟರ್‌ಗೆ ಕಾರವಾರದ ಗೆಳೆಯರೊಬ್ಬರು ಸಮುದ್ರದ ಗಡಿ, ಅಂದರೆ ಕರಾವಳಿ ದೇಶಕ್ಕೆ ಮೀನು ಹಿಡಿಯುವ ಹಕ್ಕಿರುವ 200 ನಾಟಿಕಲ್ ಮೈಲಿಯ ಆಟ ಕೇಳಿದ್ದಾರೆ. ಅವರ ಕ್ಲಾಸಲ್ಲಿ ಬೈತಖೋಲದ ಮೀನುಗಾರರ ಮಕ್ಕಳಿದ್ದಾರೆ, ಜಗಳ ಜೋರಾಗಿಯೇ ಆಗುತ್ತದೆ. ರಿಚಾರ್ಜ್ ಖರ್ಚು ಮಾತ್ರ ನಿಮ್ಮದು ಅಂದಿದ್ದೇನೆ.